‘ಶಾಲೆ ಚೆನ್ನಾಗಿದೆ’ ಎನ್ನುವ ಮುನ್ನ: ಎಸ್‌ಡಿಎಂಸಿ ಸದಸ್ಯರಿಗೊಂದು ಬಹಿರಂಗ ಪತ್ರ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಇರುವ ತಾಯಂದಿರಿಗೆ ಮತ್ತು ತಂದೆಯರಿಗೆ,



ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಯಾರಾದರೊಬ್ಬರು ನಿಮ್ಮ ಮನೆ ಬಾಗಿಲಿಗೆ ಬಂದೇ ಬರುತ್ತಾರೆ. ಪಕ್ಕದ ಹಟ್ಟಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿ ಮುಗಿಸಿದ ಮಗುವಿನ ಅಪ್ಪನೋ ಅಮ್ಮನೋ ಇರುತ್ತಾರೆ. ‘ನಿಮ್ಮೂರ ಮಿಡ್ಲ್ ಸ್ಕೂಲು ಹೇಗಿದೆ? ಆರನೇ ಕ್ಲಾಸಿಗೆ ಸೇರಿಸಬಹುದಾ?’ ಎಂದು ಕೇಳುತ್ತಾರೆ. ನೀವು ಸಮಿತಿಯಲ್ಲಿ ಇರುವವರು, ನಿಮ್ಮ ಮಾತಿಗೆ ತೂಕವಿದೆ. ‘ಪರವಾಗಿಲ್ಲ, ಚೆನ್ನಾಗಿದೆ’ ಅಂದುಬಿಡುತ್ತೀರಿ. ಇಲ್ಲವೇ ‘ಅಯ್ಯೋ ಬಿಡಿ, ಮೇಷ್ಟ್ರುಗಳೇ ಇಲ್ಲ’ ಅನ್ನುತ್ತೀರಿ. ಈ ಎರಡು ಉತ್ತರಗಳನ್ನೂ ಯಾವ ಆಧಾರದ ಮೇಲೆ ಕೊಡುತ್ತೀರಿ ಎಂದು ಕೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಇಂಥ ಶಾಲೆಗಳಲ್ಲೇ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಭೇಟಿಗೆ ಬಂದ ಸಾಹೇಬರು ಏನು ನೋಡುತ್ತಾರೆ ಎನ್ನುವುದೂ ಗೊತ್ತು, ನಾವು ಅವರಿಗೆ ಏನನ್ನು ತೋರಿಸುತ್ತಿದ್ದೆವು ಎನ್ನುವುದೂ ಗೊತ್ತು.

ಕಣ್ಣಿಗೆ ಮೊದಲು ಬೀಳುವುದು ಗೋಡೆ. ದಾನಿಗಳು ಕೊಡಿಸಿದ ಬಣ್ಣದಲ್ಲಿ ಶಾಲೆಯನ್ನು ರೈಲು ಬೋಗಿಯ ಹಾಗೆ ಬರೆಸಿದರೆ ಪೇಪರಿನಲ್ಲಿ ಫೋಟೋ ಬರುತ್ತದೆ. ಗೋಡೆಗೊಂದು ಟಿವಿ ಹಾಕಿದರೆ ಅದು ಸ್ಮಾರ್ಟ್ ಕ್ಲಾಸ್. ಟೈ ಕಟ್ಟಿಸಿಬಿಟ್ಟರೆ ಕಾನ್ವೆಂಟಿಗೆ ಸಮ. ಬಣ್ಣದ ಮೇಲೆ ನನಗೆ ಸಿಟ್ಟಿಲ್ಲ. ಸೋರುವ ಸೂರಿನಡಿ ಪಾಠ ಮಾಡಿದವನಿಗೆ ಗಟ್ಟಿ ಕಟ್ಟಡದ ಬೆಲೆ ಗೊತ್ತು. ಆದರೆ ಬಣ್ಣ ಬಳಿಯುವುದು ಒಂದು ವಾರದ ಕೆಲಸ. ಒತ್ತಕ್ಷರ ಬಾರದ ಹನ್ನೊಂದು ವರ್ಷದ ಹುಡುಗನಿಗೆ ಓದು ಕಲಿಸುವುದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಉದ್ಘಾಟನೆ ಇರುವುದು ಮೊದಲನೆಯದಕ್ಕೆ ಮಾತ್ರ.

ಗೋಡೆ ಆದಮೇಲೆ ಫ್ಲೆಕ್ಸ್. ಮೊರಾರ್ಜಿ ಶಾಲೆಗೆ, ನವೋದಯಕ್ಕೆ, ಆದರ್ಶ ವಿದ್ಯಾಲಯಕ್ಕೆ ಆಯ್ಕೆಯಾದ ಮಕ್ಕಳ ಫೋಟೋ ಹಾಕಿ ಗೇಟಿಗೆ ಕಟ್ಟಿರುತ್ತಾರೆ. ಆ ಮಕ್ಕಳ ಬಗ್ಗೆ ಹೆಮ್ಮೆ ಪಡೋಣ. ಆದರೆ ಲೆಕ್ಕ ಸರಿಯಾಗಿ ಹಾಕೋಣ. ಈ ಮೂರೂ ಕಡೆ ಐದನೇ ತರಗತಿಯಲ್ಲಿರುವಾಗ ಪ್ರವೇಶ ಪರೀಕ್ಷೆ ಬರೆಸಿ ಆರನೇ ತರಗತಿಗೆ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. ಅಂದರೆ ಫ್ಲೆಕ್ಸಿನಲ್ಲಿರುವ ಮಕ್ಕಳು ನಿಮ್ಮ ಶಾಲೆಯನ್ನು ಬಿಟ್ಟುಹೋದವರು. ಕೈಯಲ್ಲಿ ನಾಲ್ಕು ಕಾಸು ಇರುವ ಮನೆಯವರು ಅದೇ ಹೊತ್ತಿಗೆ ಖಾಸಗಿ ಶಾಲೆಯ ವ್ಯಾನು ಹತ್ತಿಸುತ್ತಾರೆ. ಹೀಗೆ ಜರಡಿ ಹಿಡಿದಮೇಲೆ ಉಳಿದ ಮಕ್ಕಳ ಜೊತೆಗೆ, ಸುತ್ತಲಿನ ಹಳ್ಳಿಗಳ ಕಿರಿಯ ಪ್ರಾಥಮಿಕ ಶಾಲೆಗಳಿಂದ ಬಂದ ಮಕ್ಕಳೂ ಸೇರಿ ನಿಮ್ಮ ಆರನೇ ತರಗತಿ ಆಗುತ್ತದೆ. ಒಬ್ಬಳು ಕಥೆಪುಸ್ತಕ ಸಲೀಸಾಗಿ ಓದುತ್ತಾಳೆ. ಅವಳ ಪಕ್ಕ ಕೂತವನಿಗೆ ಕಾಗುಣಿತವೇ ತಡವರಿಕೆ. ಇಬ್ಬರ ಮುಂದೆಯೂ ಒಂದೇ ವಿಜ್ಞಾನ ಪುಸ್ತಕ.

ಹಾಗಾಗಿ ನಿಮ್ಮ ಶಾಲೆಯ ಅತ್ಯುತ್ತಮ ವಿದ್ಯಾರ್ಥಿಯನ್ನು ಪಟ್ಟಣದ ಶಾಲೆಯ ಅತ್ಯುತ್ತಮ ವಿದ್ಯಾರ್ಥಿಗೆ ಹೋಲಿಸಿ ತೀರ್ಪು ಕೊಡುವುದು ಅನ್ಯಾಯ. ಕೇಳಬೇಕಾದದ್ದು ಬೇರೆ: ಜೂನ್‌ನಲ್ಲಿ ಓದಲಾರದೆ ಬಂದ ಮಗು ಮಾರ್ಚ್ ಹೊತ್ತಿಗೆ ಎಲ್ಲಿಗೆ ಬಂತು? ಮಿಡ್ಲ್ ಸ್ಕೂಲಿನ ಗುಣಮಟ್ಟ ಎಂದರೆ ನನ್ನ ಮಟ್ಟಿಗೆ ಇದೇ. ಉಳಿದದ್ದೆಲ್ಲ ಇದಕ್ಕೆ ಪೂರಕ.

ಇದನ್ನು ನೋಡಲು ಹೊಸ ಪರೀಕ್ಷೆ ಏನೂ ಬೇಡ. ವರ್ಷದ ಆರಂಭದಲ್ಲಿ ‘ಸೇತುಬಂಧ’ ಎಂದು ನಡೆಯುತ್ತದಲ್ಲ, ಅದರಲ್ಲಿ ಮಕ್ಕಳಿಗೆ ಹಿಂದಿನ ತರಗತಿಗಳದು ಏನು ಬರುತ್ತದೆ, ಏನು ಬರುವುದಿಲ್ಲ ಎಂದು ತಿಳಿಯಲು ನೈದಾನಿಕ ಪರೀಕ್ಷೆ ಮಾಡುತ್ತಾರೆ. ಕೊನೆಗೆ ಸಾಫಲ್ಯ ಪರೀಕ್ಷೆ. ಅನೇಕ ಕಡೆ ಈ ಕಾಗದಗಳು ಫೈಲಿಗೆ ಹೋಗಿ ಮಲಗುತ್ತವೆ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಬಂದಾಗ ಧೂಳು ಕೊಡವುತ್ತಾರೆ. ಆ ಉತ್ತರ ಪತ್ರಿಕೆಗಳನ್ನು ತೋರಿಸಿ ಎಂದು ನೀವು ಕೇಳಿ. ಅದೇ ಮಗುವಿನ ಮೊದಲ ಸಂಕಲನಾತ್ಮಕ ಪರೀಕ್ಷೆಯ ಪತ್ರಿಕೆಯನ್ನು ಪಕ್ಕದಲ್ಲಿಟ್ಟು ನೋಡಿ. ನೀವು ಓದಿದವರಾಗಿರಬೇಕು ಎಂದೇನಿಲ್ಲ. ಮೊದಲ ಪತ್ರಿಕೆ ಅರ್ಧಕ್ಕರ್ಧ ಖಾಲಿ ಇತ್ತು, ಎರಡನೆಯದರಲ್ಲಿ ತಪ್ಪೋ ಒಪ್ಪೋ ಮಗು ತಾನೇ ಬರೆದಿದೆ ಎಂದು ಯಾರಿಗಾದರೂ ಕಾಣುತ್ತದೆ. ಎರಡರಲ್ಲೂ ಅದೇ ಖಾಲಿ ಜಾಗ ಇದ್ದರೂ ಕಾಣುತ್ತದೆ.

ತರಗತಿಗೆ ಹೋದಾಗ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದ ಮಗುವಿನ ಓದು ಕೇಳಿ ತಲೆದೂಗಿ ಬರಬೇಡಿ. ಆ ಮಗುವನ್ನು ಎಲ್ಲರ ಮುಂದೆಯೂ ಎಬ್ಬಿಸುತ್ತಾರೆ, ನಾವೂ ಅದನ್ನೇ ಮಾಡುತ್ತಿದ್ದೆವು. ಹಾಜರಿ ಪುಸ್ತಕದಿಂದ ನಿಮಗೆ ತೋಚಿದ ಐದಾರು ಹೆಸರು ಹಿಡಿದು, ಒಬ್ಬೊಬ್ಬರನ್ನೇ ಜಗಲಿಗೆ ಕರೆದು, ಮೂರನೇ ತರಗತಿಯ ಕನ್ನಡ ಪುಸ್ತಕದ ಒಂದು ಪುಟ ಓದಿಸಿ. ಮೂರನೇ ತರಗತಿಯದು, ಆರನೆಯದಲ್ಲ. ಮಗು ತಡವರಿಸಿದರೆ ನಗಬೇಡಿ, ಊರಲ್ಲಿ ಹೇಳಿಕೊಂಡು ತಿರುಗಬೇಡಿ. ಓದಿದ್ದನ್ನು ತನ್ನ ಮಾತಿನಲ್ಲಿ ಹೇಳು ಎನ್ನಿ. ಗಟ್ಟಿಯಾಗಿ, ಗಿಳಿಪಾಠದ ರಾಗದಲ್ಲಿ ಓದುವ ಕೆಲವು ಮಕ್ಕಳು ಇಲ್ಲಿ ಮೌನವಾಗುತ್ತಾರೆ. ನಿಧಾನಕ್ಕೆ ಓದುವ ಕೆಲವರು ಚಂದ ಹೇಳುತ್ತಾರೆ.

ಹೀಗೆ ತಡವರಿಸುವುದು ನಮ್ಮೂರಿನ ಕೊರತೆ ಮಾತ್ರ ಎಂದುಕೊಳ್ಳಬೇಡಿ. ಪ್ರಥಮ್ ಸಂಸ್ಥೆಯವರು 2005ರಿಂದ ಹಳ್ಳಿಗಳ ಮನೆಮನೆಗೆ ಹೋಗಿ ಇಂಥದೇ ಸರಳ ಓದು, ಲೆಕ್ಕ ಕೊಟ್ಟು ‘ಅಸರ್’ ವರದಿ ಮಾಡುತ್ತಿದ್ದಾರೆ. ಅವರ 2024ರ ವರದಿಯ ಪ್ರಕಾರ, ದೇಶದ ಗ್ರಾಮೀಣ ಭಾಗದ ಎಂಟನೇ ತರಗತಿ ಮಕ್ಕಳಲ್ಲಿ ಮೂರಂಕಿ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಅರ್ಧಕ್ಕೂ ಕಡಿಮೆ. ಈ ಲೆಕ್ಕದಲ್ಲಿ ಖಾಸಗಿ ಶಾಲೆಯ ಮಕ್ಕಳೂ ಇದ್ದಾರೆ.

ಲೆಕ್ಕದ ಮಾತು ಬಂತು, ನನ್ನ ಕಸುಬು, ಸ್ವಲ್ಪ ಹೆಚ್ಚು ಹೇಳುತ್ತೇನೆ. ಏಳನೇ ತರಗತಿಯ ಮಗುವಿಗೆ ಮೂರರಲ್ಲಿ ಎರಡು ಭಾಗಕ್ಕೆ ನಾಲ್ಕರಲ್ಲಿ ಒಂದು ಭಾಗ ಕೂಡಿಸು ಎಂದು ಹೇಳಿ. ಬಹಳ ಮಕ್ಕಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 3/7 ಎಂದು ಬರೆಯುತ್ತಾರೆ. ತಪ್ಪು ಎಲ್ಲ ಶಾಲೆಯಲ್ಲೂ ಒಂದೇ. ಅದಾದಮೇಲೆ ಮೇಷ್ಟ್ರು ಏನು ಮಾಡುತ್ತಾರೆ ಎನ್ನುವುದರಲ್ಲಿ ಶಾಲೆ ಶಾಲೆಗೂ ವ್ಯತ್ಯಾಸ. ಒಬ್ಬರು ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆದು ಬೋರ್ಡಿನ ಮೇಲೆ ಸರಿ ಉತ್ತರ ಬರೆದು ‘ಬರ್ಕೊಳ್ರೋ’ ಅನ್ನುತ್ತಾರೆ. ಇನ್ನೊಬ್ಬರು, ‘ಮೂರರಲ್ಲಿ ಎರಡು ಭಾಗ ಅಂದರೆ ಅರ್ಧಕ್ಕಿಂತ ಜಾಸ್ತಿ ತಾನೇ? ಅದಕ್ಕೆ ಇನ್ನಷ್ಟು ಕೂಡಿಸಿದಮೇಲೆ ಏಳರಲ್ಲಿ ಮೂರು ಬಂತಲ್ಲ, ಅದು ಅರ್ಧಕ್ಕಿಂತ ಕಡಿಮೆ. ಕೂಡಿಸಿದರೆ ಕಡಿಮೆ ಆಗುತ್ತಾ?’ ಎಂದು ಕೇಳುತ್ತಾರೆ. ಆ ಎರಡನೆಯವರು ನಿಮ್ಮ ಶಾಲೆಯಲ್ಲಿದ್ದರೆ ಕಟ್ಟಡಕ್ಕೆ ಸುಣ್ಣ ಇಲ್ಲದಿದ್ದರೂ ಚಿಂತೆಯಿಲ್ಲ. ಅವರ ವರ್ಗಾವಣೆ ಆಗದಿರಲಿ ಎಂದು ಹರಕೆ ಹೊತ್ತುಕೊಳ್ಳಿ.

ನಿಮ್ಮ ಮಗುವಿನ ನೋಟ್‌ಬುಕ್ ಮನೆಯಲ್ಲೇ ಇದೆ. ಅದರಷ್ಟು ಸತ್ಯ ಹೇಳುವ ದಾಖಲೆ ಆಫೀಸಿನ ಬೀರುವಿನಲ್ಲೂ ಇಲ್ಲ. ಸಮಾಜ ವಿಜ್ಞಾನದ ಪ್ರಶ್ನೋತ್ತರ ತೆಗೆಯಿರಿ, ಗೆಳತಿಯ ನೋಟ್‌ಬುಕ್ ಪಕ್ಕಕ್ಕಿಡಿ. ಅಕ್ಷರ ಅಕ್ಷರಕ್ಕೂ ಒಂದೇ ಆಗಿದ್ದರೆ ಅದು ಗೈಡಿನಿಂದ ಬೋರ್ಡಿಗೆ, ಬೋರ್ಡಿನಿಂದ ಪುಸ್ತಕಕ್ಕೆ ಇಳಿದ ಉತ್ತರ. ಪುಟದ ಕೊನೆಯಲ್ಲಿ ಉದ್ದಕ್ಕೆ ಎಳೆದ ಒಂದು ರೈಟ್ ಗುರುತು, ಸಹಿ, ದಿನಾಂಕ. ಒಳಗೆ ‘ವಿಧ್ಯಾರ್ಥಿ’ ಎಂಬ ತಪ್ಪು ಹಾಗೇ ಉಳಿದಿದೆ. ಅಂದರೆ ನೋಡಿದ ಶಾಸ್ತ್ರವಾಗಿದೆ, ನೋಡಿಲ್ಲ. ಮಗು ತನ್ನದೇ ಎಂದು ಬರೆದ ಒಂದು ಪುಟ, ಜಾತ್ರೆಯ ಬಗ್ಗೆಯೋ ಮನೆಯ ಎಮ್ಮೆಯ ಬಗ್ಗೆಯೋ, ವರ್ಷದಲ್ಲಿ ಎಲ್ಲಾದರೂ ಇದೆಯೇ ಹುಡುಕಿ. ಇದ್ದು, ಅದರಲ್ಲಿ ತಪ್ಪುಗಳನ್ನು ಯಾರೋ ಕೂತು ತಿದ್ದಿದ್ದರೆ, ನಾನು ಕಣ್ಣುಮುಚ್ಚಿ ಆ ಶಾಲೆಗೆ ಮಗುವನ್ನು ಸೇರಿಸಿ ಅನ್ನುತ್ತೇನೆ.

ಈಗ ‘ಮೇಷ್ಟ್ರುಗಳೇ ಇಲ್ಲ’ ಎಂಬ ದೂರು. ಇದು ಅನೇಕ ಕಡೆ ನಿಜ. ಆದರೆ ಹೇಗೆ ಇಲ್ಲ ಎನ್ನುವುದನ್ನು ಬಿಡಿಸಿ ನೋಡಬೇಕು. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ ಪ್ರಕಾರ ಆರರಿಂದ ಎಂಟನೇ ತರಗತಿಗೆ 35 ಮಕ್ಕಳಿಗೆ ಕನಿಷ್ಠ ಒಬ್ಬರು ಶಿಕ್ಷಕರಿರಬೇಕು. ವಿಜ್ಞಾನ ಮತ್ತು ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗೆ ತಲಾ ಒಬ್ಬರಾದರೂ ಇರಬೇಕು. ನಮ್ಮ ರಾಜ್ಯದಲ್ಲಿ ಇದಕ್ಕೆಂದೇ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆ ಇದೆ, 2022ರಲ್ಲಿ 15,000 ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ನಿಮ್ಮ ಶಾಲೆಯಲ್ಲಿ ತಲೆ ಎಣಿಸಿದರೆ ಸಂಖ್ಯೆ ಸರಿಯಿರಬಹುದು, ಗಣಿತ ಓದಿದವರು ಒಬ್ಬರೂ ಇಲ್ಲದಿರಬಹುದು. ತಲೆ ಎಣಿಸಬೇಡಿ, ಯಾರು ಯಾವ ವಿಷಯ ಓದಿ ಬಂದವರು ಎಂದು ಕೇಳಿ. ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು ಎಂದೂ ಕೇಳಿ. ಶಾಲೆ ಶುರುವಾಗಿ ಎಷ್ಟೋ ದಿನವಾದಮೇಲೆ ಬಂದವರಿಂದ ಇಡೀ ವರ್ಷದ ಪಾಠ ಬಯಸಲಾಗದು.

ಇದ್ದವರೂ ತರಗತಿಯಲ್ಲಿ ಇರುತ್ತಾರೆಯೇ? ಇಲ್ಲಿ ನನ್ನ ಹಳೆಯ ಸಹೋದ್ಯೋಗಿಗಳ ಪರವಾಗಿ ಒಂದು ಮಾತು ಹೇಳಬೇಕು. ಎರಡು ದಶಕದ ಹಿಂದೆ ಅರ್ಥಶಾಸ್ತ್ರಜ್ಞರ ತಂಡವೊಂದು ಮುನ್ಸೂಚನೆ ಇಲ್ಲದೆ ದೇಶದ ಸರ್ಕಾರಿ ಶಾಲೆಗಳಿಗೆ ಹೋಗಿ ನೋಡಿ, ನಾಲ್ವರಲ್ಲಿ ಒಬ್ಬ ಶಿಕ್ಷಕರು ಗೈರು ಎಂದು ಬರೆಯಿತು. ಆ ಅಂಕಿ ಇವತ್ತಿಗೂ ಭಾಷಣಗಳಲ್ಲಿ ಓಡಾಡುತ್ತಿದೆ. 2017ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಆರು ರಾಜ್ಯಗಳ 619 ಶಾಲೆಗಳಲ್ಲಿ ಅದನ್ನೇ ಬಿಡಿಸಿ ನೋಡಿತು. ಶಾಲೆಯಲ್ಲಿ ಇಲ್ಲದವರು ನೂರಕ್ಕೆ ಹದಿನೆಂಟರಷ್ಟಿದ್ದರು, ಕಾರಣವಿಲ್ಲದೆ ಗೈರಾದವರು ಎರಡೂವರೆ ಮಾತ್ರ. ಉಳಿದವರು ರಜೆಯಲ್ಲಿದ್ದರು, ತರಬೇತಿಯಲ್ಲಿದ್ದರು, ಇಲಾಖೆ ಹೇಳಿದ ಇನ್ನಾವುದೋ ಕೆಲಸದಲ್ಲಿದ್ದರು. ಆದ್ದರಿಂದ ಕುರ್ಚಿ ಖಾಲಿ ಇದ್ದರೆ ಬೈಯುವ ಮೊದಲು ಎಲ್ಲಿಗೆ ಹೋಗಿದ್ದಾರೆ, ಯಾರು ಕಳಿಸಿದರು ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿ. ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ಪಾಠ ಬಿಟ್ಟು ಬೇರೆಡೆಗೆ ಕಳಿಸಲು ಮೂರೇ ಕಾರಣ ಒಪ್ಪುತ್ತದೆ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆಂದು ಶಿಕ್ಷಕರನ್ನು ಮನೆಮನೆಗೆ ಕಳಿಸಿ, ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದದ್ದು ನಿಮಗೆ ನೆನಪಿರಬೇಕು. ಸಮೀಕ್ಷೆ ಬೇಕೋ ಬೇಡವೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಆದರೆ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ, 1,000 ಗಂಟೆ ಪಾಠ ಆಗಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಆ ಗಂಟೆಗಳ ಲೆಕ್ಕ ಕೇಳುವ ಹಕ್ಕು ನಿಮಗಿದೆ, ಮುಖ್ಯ ಶಿಕ್ಷಕರನ್ನೂ ಕೇಳಬಹುದು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯನ್ನೂ ಕೇಳಬಹುದು.

ಹೆಣ್ಣುಮಕ್ಕಳ ಹಾಜರಿಯನ್ನು ಬೇರೆಯಾಗಿ ನೋಡಿ. ಏಳನೇ ತರಗತಿಯ ಹುಡುಗಿ ಪ್ರತಿ ತಿಂಗಳೂ ಮೂರ್ನಾಲ್ಕು ದಿನ ಬಾರದಿದ್ದರೆ ಕಾರಣ ಹುಡುಕಲು ಬೇರೊಂದು ಸಮಿತಿ ಬೇಕಿಲ್ಲ. ಶೌಚಾಲಯದಲ್ಲಿ ನೀರು ಬರುತ್ತದೆಯೇ, ಚಿಲಕ ಇದೆಯೇ, ಬೀಗದ ಕೈ ಯಾರ ಬಳಿ ಇದೆ ಎಂದು ಸಮಿತಿಯ ತಾಯಂದಿರೇ ಹೋಗಿ ನೋಡಿದರೆ ಸಾಕು. ಆಮೇಲೆ ಟಿಸಿ ಪುಸ್ತಕ. ನಿಮ್ಮ ಶಾಲೆ ಏಳಕ್ಕೇ ಮುಗಿಯುವುದಾದರೆ, ಕಳೆದ ವರ್ಷ ಏಳು ಮುಗಿಸಿದವರಲ್ಲಿ ಎಷ್ಟು ಮಂದಿ ಎಂಟಕ್ಕೆ ಸೇರಿದರು, ಎಲ್ಲಿ ಸೇರಿದರು, ಸೇರದವರು ಯಾರು? ನೂರಕ್ಕೆ ನೂರು ಪಾಸಾಗಿ ಇಬ್ಬರು ಹುಡುಗಿಯರು ಮನೆಯಲ್ಲೇ ಉಳಿದಿದ್ದರೆ ಆ ನೂರು ನನಗೆ ಬೇಡ.

ಬಿಸಿಯೂಟದ ವಿಷಯದಲ್ಲಿ ನೀವು ನನಗಿಂತ ಚೆನ್ನಾಗಿ ತೀರ್ಪು ಕೊಡಬಲ್ಲಿರಿ. ಒಂದು ದಿನ ಹೇಳದೆ ಹೋಗಿ ಮಕ್ಕಳ ಸಾಲಿನಲ್ಲೇ ಕೂತು ಉಣ್ಣಿ.

ಇಂಗ್ಲಿಷ್ ಬಗ್ಗೆ ಹೇಳದೆ ಹೋದರೆ ನೀವು ಸುಮ್ಮನಿರುವುದಿಲ್ಲ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಗೆ ಆಂಗ್ಲ ಮಾಧ್ಯಮ ವಿಭಾಗ ತೆರೆದರು. ಆ ಮೊದಲ ಮಕ್ಕಳು 2024-25ರಲ್ಲಿ ಆರನೇ ತರಗತಿಗೆ ಬಂದರು. ಈಗ ಅನೇಕ ಶಾಲೆಗಳ ಬೋರ್ಡಿನ ಮೇಲೆ ‘ದ್ವಿಭಾಷಾ ಮಾಧ್ಯಮ’ ಇದೆ. ಮಗನಿಗೆ ಇಂಗ್ಲಿಷ್ ಬರಲಿ ಎನ್ನುವ ನಿಮ್ಮ ಆಸೆಯನ್ನು ಹೀಗಳೆಯುವವರ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಎಂದು ನಾನೂ ನೋಡಿದ್ದೇನೆ, ಹಾಗಾಗಿ ಉಪದೇಶ ಮಾಡುವುದಿಲ್ಲ. ಆದರೆ ಬೋರ್ಡು ನೋಡಿ ನಂಬಬೇಡಿ. ‘ಫೋಟೋಸಿಂಥೆಸಿಸ್’ ಎಂಬ ಪದದ ಸ್ಪೆಲ್ಲಿಂಗ್ ಹೇಳುವ ಮಗುವಿಗೆ, ಗಿಡ ಕತ್ತಲೆಯಲ್ಲಿಟ್ಟರೆ ಯಾಕೆ ಸೊರಗುತ್ತದೆ ಎಂದು ಕೇಳಿ. ಉತ್ತರ ಕನ್ನಡದಲ್ಲೇ ಬರಲಿ, ಇಂಗ್ಲಿಷಿನಲ್ಲೇ ಬರಲಿ, ಎರಡೂ ಬೆರೆತು ಬರಲಿ. ಯಾವ ಭಾಷೆಯಲ್ಲೂ ಬರದಿದ್ದರೆ ಬೋರ್ಡಿನ ಬಣ್ಣಕ್ಕೆ ಕೊಟ್ಟ ದುಡ್ಡು ದಂಡ.

‘ಇದೆಲ್ಲ ಯಾಕೆ ಸ್ವಾಮಿ, ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡಿದರೆ ಗೊತ್ತಾಗುವುದಿಲ್ಲವೇ’ ಎಂದು ನನ್ನನ್ನು ಕೇಳಿದವರಿದ್ದಾರೆ. ಗೊತ್ತಾಗುತ್ತದೆ, ಆದರೆ ತೀರಾ ತಡವಾಗಿ. 2024ರ ಪರೀಕ್ಷೆ ನೆನಪಿಸಿಕೊಳ್ಳಿ. ಪರೀಕ್ಷಾ ಕೇಂದ್ರಗಳಲ್ಲಿ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಬಿತ್ತು. ಅದೂ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿ, ಕೃಪಾಂಕ ಪಡೆಯಲು ಬೇಕಾದ ಅಂಕವನ್ನು ಶೇ 35ರಿಂದ ಶೇ 25ಕ್ಕೆ ಇಳಿಸಿದಮೇಲೆ ಸಿಕ್ಕ ಫಲಿತಾಂಶ. ಉಡುಪಿ ಶೇ 94, ಯಾದಗಿರಿ ಶೇ 50.59. ಎಲ್ಲರೂ ಹೈಸ್ಕೂಲ್ ಶಿಕ್ಷಕರ ಮೇಲೆ ಮುಗಿಬಿದ್ದರು. ಆ ಮಕ್ಕಳು ಆರನೇ ತರಗತಿಯಲ್ಲಿದ್ದದ್ದು ಯಾವಾಗ ಎಂದು ಎಷ್ಟು ಜನ ಲೆಕ್ಕ ಹಾಕಿದರು? 2019-20ರಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿತು. ಏಳನೇ ತರಗತಿ ಎನ್ನುವುದು ದೇವಸ್ಥಾನದ ಕಟ್ಟೆಯ ಮೇಲೆ, ಮರದಡಿ, ಶಾಲೆಯ ಹೊರಗೇ ಪಾಠ ಹೇಳುವ ‘ವಿದ್ಯಾಗಮ’ ಯೋಜನೆಯ ಹೆಸರಿನಲ್ಲಿ ಅಷ್ಟೋ ಇಷ್ಟೋ ನಡೆಯಿತು. ಎಂಟಕ್ಕೆ ಬಂದಾಗ ತರಗತಿಯ ಬಾಗಿಲು ತೆರೆದದ್ದು 2021ರ ಸೆಪ್ಟೆಂಬರ್ 6ಕ್ಕೆ. ಭಿನ್ನರಾಶಿ, ಋಣಸಂಖ್ಯೆ, ಬೀಜಗಣಿತದ ಮೊದಲ ಹೆಜ್ಜೆ, ತಾನೇ ವಾಕ್ಯ ಕಟ್ಟಿ ಬರೆಯುವುದು, ಎಲ್ಲ ಕಲಿಯಬೇಕಾದ ಹೊತ್ತು ಹಾಗೆ ಹೋಯಿತು. ಹತ್ತನೇ ತರಗತಿಯಲ್ಲಿ ಎದ್ದು ಕಂಡದ್ದು ಏಳನೇ ತರಗತಿಯ ಗಾಯ. ಕೊರೊನಾ ಇಲ್ಲದ ವರ್ಷಗಳಲ್ಲೂ ಇದೇ ನಡೆಯುತ್ತದೆ, ಅಷ್ಟು ಎದ್ದು ಕಾಣುವುದಿಲ್ಲ. ಆರು ಏಳರಲ್ಲಿ ತಪ್ಪಿಹೋದ ಮಗುವನ್ನು ಹತ್ತರಲ್ಲಿ ಸಂಜೆ ತರಗತಿ ಮಾಡಿ, ಪಾಸಿಂಗ್ ಪ್ಯಾಕೇಜ್ ಉರು ಹೊಡೆಸಿ ಮೇಲೆತ್ತಲು ಹೆಣಗುತ್ತಾರೆ.

ನಿಮಗಿರುವ ಅಧಿಕಾರ ಸಣ್ಣದಲ್ಲ. ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲೇ ಕರ್ನಾಟಕ ಎಸ್‌ಡಿಎಂಸಿಗಳನ್ನು ರಚಿಸಿತು, ದೇಶದ ಕಾಯ್ದೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿದ್ದು ಅದಾಗಿ ಎಂಟು ವರ್ಷದ ನಂತರ. ಕಾಯ್ದೆ ಹೇಳುವಂತೆ ಸಮಿತಿಯ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಶಾಲಾಭಿವೃದ್ಧಿ ಯೋಜನೆಯನ್ನು ನೀವೇ ತಯಾರಿಸಬೇಕು. ನಡೆಯುವುದು ಏನೆಂದು ನಿಮಗೂ ಗೊತ್ತು, ನನಗೂ ಗೊತ್ತು. ಸಭೆಯ ಪುಸ್ತಕ ಮನೆಗೇ ಬರುತ್ತದೆ, ‘ಇಲ್ಲೊಂದು ಸೈನ್ ಹಾಕಮ್ಮ’ ಅನ್ನುತ್ತಾರೆ, ಸಭೆ ಮುಗಿಯುತ್ತದೆ. ಸಭೆ ನಡೆದ ಕಡೆಯೂ ಕಾಂಪೌಂಡು, ನಲ್ಲಿ, ಸಮವಸ್ತ್ರದ ಬಟ್ಟೆ, ಸ್ವಾತಂತ್ರ್ಯ ದಿನದ ಸಿಹಿ, ಇಷ್ಟರಲ್ಲೇ ಹೊತ್ತು ಹೋಗುತ್ತದೆ. ಮಕ್ಕಳಿಗೆ ಏನು ಬರುತ್ತದೆ ಎಂಬ ಮಾತು ಎತ್ತಿದರೆ ‘ಅದು ನಮ್ಮ ಕೆಲಸ, ನಿಮಗೆ ತಿಳಿಯುವುದಿಲ್ಲ’ ಎಂಬ ಉತ್ತರ ಬರಬಹುದು. ಹೆದರಬೇಡಿ. ಒಳ್ಳೆಯ ಶಿಕ್ಷಕರು ಈ ಪ್ರಶ್ನೆಗಾಗಿ ಕಾಯುತ್ತಿರುತ್ತಾರೆ. ತಾವು ಸಂಜೆ ಉಳಿದು ಓದಿಸಿದ ಮಗುವಿನ ಬಗ್ಗೆ ಯಾರಾದರೂ ಒಮ್ಮೆ ಕೇಳಲಿ ಎಂದು.

ಮುಂದಿನ ಸಭೆಗೆ ಒಂದೇ ಬೇಡಿಕೆ ಇಟ್ಟುಕೊಂಡು ಹೋಗಿ. ಆರನೇ ತರಗತಿಯಲ್ಲಿ ಸರಾಗವಾಗಿ ಓದಲು ಬಾರದ, ಭಾಗಾಕಾರ ಬಾರದ ಮಕ್ಕಳ ಪಟ್ಟಿ ಕೊಡಿ ಎನ್ನಿ. ಒಬ್ಬೊಬ್ಬ ಮಗುವಿಗೂ ಯಾರು, ವಾರದಲ್ಲಿ ಎಷ್ಟು ಹೊತ್ತು, ಏನು ಹೇಳಿಕೊಡುತ್ತಾರೆ ಎಂದು ಎದುರಿಗೆ ಬರೆಸಿ. ಆ ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ, ಮಕ್ಕಳ ಮಾನದ ಪ್ರಶ್ನೆ. ದಸರಾ ರಜೆಗೆ ಮುಂಚೆ ಮತ್ತೊಮ್ಮೆ ಅದೇ ಮಕ್ಕಳನ್ನು ಓದಿಸಿ ನೋಡಿ, ಯುಗಾದಿಗೆ ಇನ್ನೊಮ್ಮೆ ನೋಡಿ. ಪಟ್ಟಿಯೇ ಇಲ್ಲ ಎಂದರೆ ಅಂದೇ ಕೂತು ಮಾಡಿಸಿ. ಮಾಡುವುದಿಲ್ಲ ಎಂದರೆ ಸಹಿ ಹಾಕಬೇಡಿ.

ಇಂತಿ ನಿಮ್ಮವ,
ಒಬ್ಬ ನಿವೃತ್ತ ಗಣಿತ ಶಿಕ್ಷಕ